ಮೊದಲ ಸಲ ಟರ್ಕಿ ಕೋಳಿ ಶಿಕಾರಿಗೆ ಹೋಗ್ತಿದ್ದೇನೆ: ಯಾವ ಡಿಕಾಯ್, ಯಾವ ಕಾಲ್ ಕೊಳ್ಳಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ಮಿಸೌರಿಯಲ್ಲಿ ನಿಮಗಿದು ಮೊದಲ ವಸಂತದ ಸೀಸನ್, ಜೇಬಲ್ಲಿ ನಾನೂರು ಡಾಲರ್. ಡಿಕಾಯ್, ಅಂದರೆ ಹಕ್ಕಿಯನ್ನು ಹತ್ತಿರ ಸೆಳೆಯುವ ಬೊಂಬೆ: ಗರಿ ಬಿಚ್ಚಿ ನಿಂತ ದೊಡ್ಡ ಹುಂಜದ ಬೊಂಬೆ ತಗೊಳ್ಳಲೋ, ಹೇಂಟೆ ಬೊಂಬೆ ಸಾಕೋ? ಕಾಲ್, ಅಂದರೆ ಹೇಂಟೆಯ ಹಾಗೆ ಕೂಗಿ ಹುಂಜವನ್ನು ಕರೆಯುವ ಸಾಧನ: ಬಾಯೊಳಗೆ ಇಟ್ಟುಕೊಂಡು ಊದುವುದನ್ನು ಕಲಿಯಲೋ, ಬಾಕ್ಸ್ ಕಾಲ್ (ಮುಚ್ಚಳ ಉಜ್ಜಿ ಕೂಗಿಸುವ ಮರದ ಪೆಟ್ಟಿಗೆ) ಸಾಕೋ? 2019ರ ಮಾರ್ಚ್‌ನಲ್ಲಿ ನಾನೂ ಇದನ್ನೇ ಸಿಕ್ಕಸಿಕ್ಕವರಿಗೆಲ್ಲ ಕೇಳಿಕೊಂಡು ಓಡಾಡುತ್ತಿದ್ದೆ. ಕೊನೆಗೆ ಯಾವುದು ಅಂತ ತೀರ್ಮಾನ ಆಗದೆ ಎಲ್ಲವನ್ನೂ ತಗೊಂಡೆ.

ಒಂದು ದೊಡ್ಡ ಹುಂಜದ ಬೊಂಬೆ, ಒಂದು ಜೇಕ್ (ಒಂದು ವರ್ಷದ ಮರಿಹುಂಜಕ್ಕೆ ಇಲ್ಲಿನವರು ಹೀಗೆ ಅನ್ನುತ್ತಾರೆ), ಎರಡು ಹೇಂಟೆ. ಬಾಕ್ಸ್ ಕಾಲ್ ಒಂದು, ಕಡ್ಡಿಯಿಂದ ಕೆರೆದು ಕೂಗಿಸುವ ಸ್ಲೇಟ್ ಕಾಲ್ ಒಂದು, ಬಾಯಿಗೆ ಇಡುವ ಡಯಾಫ್ರಮ್ ಮೂರು. ಡಯಾಫ್ರಮ್ ಅಭ್ಯಾಸ ಮಾಡಿದ್ದು ಕಾರಿನಲ್ಲಿ, ಆಫೀಸಿಗೆ ಹೋಗುವಾಗ ಬರುವಾಗ. ಮೊದಲ ಎರಡು ವಾರ ಬರೀ ವಾಂತಿ ಬಂದ ಹಾಗೆ ಆಗುತ್ತಿತ್ತು. ಆಮೇಲೆ ಸ್ವರ ಹೊರಟಿತು. ಮನೆಯಲ್ಲಿ ಮೊದಲ ಸಲ ಊದಿ ತೋರಿಸಿದಾಗ ನಮ್ಮ ಮನೆಯವಳು, "ರೀ, ಆ ಹಿತ್ತಲ ಬಾಗಿಲಿಗೆ ಸ್ವಲ್ಪ ಎಣ್ಣೆ ಬಿಡ್ರಿ" ಅಂದಳು.

ಆ ವರ್ಷ ಸೀಸನ್ ಏಪ್ರಿಲ್ 15ರ ಸೋಮವಾರ ಶುರುವಾಯಿತು. ಒಟ್ಟು 21 ದಿನ. ಬೆಳಗ್ಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ ಒಂದರವರೆಗೆ, ಅಷ್ಟೇ. ಎದೆಯ ಮೇಲೆ ಗಡ್ಡ (ಕೂದಲಿನಂಥ ಗರಿಯ ಗೊಂಚಲು) ಕಾಣುವ ಹಕ್ಕಿ ಮಾತ್ರ. ಮೊದಲ ವಾರದಲ್ಲಿ ಒಂದಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ನಾನು ಮೊದಲ ವಾರ ಪೂರ್ತಿ ರಜೆ ಹಾಕಿದ್ದೆ. ಹೊಡೆದ ಮೇಲೆ ಉಳಿದ ದಿನ ಮಲಗೋಣ ಅಂತ ಲೆಕ್ಕ. ಆ ಧೈರ್ಯ ನೆನೆದರೆ ಈಗ ನಾಚಿಕೆ ಆಗುತ್ತೆ.

ನಾನು ಸಕಲೇಶಪುರದ ಕಡೆಯವನು. ಅಜ್ಜನ ಕಾಲದಲ್ಲಿ ಮರಸು ಕೂರುತ್ತಿದ್ದರಂತೆ, ಅಂದರೆ ಪ್ರಾಣಿ ಬರುವ ಕಡೆ ಅಡಗಿ ಕಾಯುವುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಗೋಡೆಗೆ ಹೋಯಿತು, ಕಥೆಗಳು ಮಾತ್ರ ಜಗುಲಿಯಲ್ಲಿ ಉಳಿದವು. ಮರಸಿಗೆ ಕೂತರೆ ಅಜ್ಜ ಎಲೆ ಅಡಿಕೆ ಕೂಡ ಬಾಯಿಗೆ ಹಾಕುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಅಂಥವರ ಮೊಮ್ಮಗ ನಾನು, ಮೈಮೇಲೆ ಐದು ಕಾಲ್ ತೂಗಿಸಿಕೊಂಡು ಕಾಡಿಗೆ ಹೋದೆ.

ಜಾಗ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್. ಓಕ್, ಹಿಕರಿ ಮರಗಳ ಗುಡ್ಡ, ನಡುನಡುವೆ ಬಿಳಿ ಹೂ ಬಿಟ್ಟ ಡಾಗ್‌ವುಡ್. ಆಫೀಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯ ಒಬ್ಬರು ಜೊತೆಗೆ ಬಂದಿದ್ದರು, ಮೊದಲ ದಿನಕ್ಕೆ ಮಾತ್ರ. ಕಾರಿನ ಡಿಕ್ಕಿ ತೆಗೆದು ದೊಡ್ಡ ಬೊಂಬೆ ತೋರಿಸಿದೆ. ಅವರು ನೋಡಿದರು, ಡಿಕ್ಕಿ ಮುಚ್ಚಿದರು. ಇದು ಎಲ್ಲರೂ ಬರುವ ಸರ್ಕಾರಿ ಕಾಡು. ಗರಿ ಬಿಚ್ಚಿದ ಹುಂಜ ಕಂಡರೆ ಅದರ ಹಿಂದೆ ನೀನು ಕೂತಿದ್ದೀಯ ಅಂತ ಇನ್ನೊಬ್ಬನಿಗೆ ಹೇಗೆ ಗೊತ್ತಾಗಬೇಕು ಅಂದರು. ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಅಲ್ಲೇ ಸಿಕ್ಕಿತು ನೋಡಿ. ಸರ್ಕಾರಿ ಕಾಡಿಗೆ ಹೋಗುವವರು ಅದನ್ನು ಕೊಳ್ಳಲೇಬೇಡಿ. ಸಣ್ಣ ಬೊಂಬೆಗಳನ್ನೂ ಚೀಲದೊಳಗೆ ಹಾಕಿಕೊಂಡೇ ನಡೆಯಿರಿ. ಕೆಂಪು, ಬಿಳಿ, ನೀಲಿ ಬಟ್ಟೆ ಮೈಮೇಲೆ ಒಂದು ಎಳೆಯೂ ಬೇಡ, ಹುಂಜದ ತಲೆಗೆ ಇರುವುದು ಅದೇ ಮೂರು ಬಣ್ಣ. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಇದರಲ್ಲಿ ಚೌಕಾಸಿ ಇಲ್ಲ.

ಕತ್ತಲೆ ಇರುವಾಗಲೇ ಅವರು ಬಾಯಲ್ಲೇ ಗೂಬೆ ಕೂಗಿದರು. ಎದುರು ಗುಡ್ಡದ ಮರದ ಮೇಲಿಂದ ಗಡಗಡ ಅಂತ ಉತ್ತರ ಬಂತು. ಇದೊಂದು ವಿಚಿತ್ರ. ಹೊತ್ತು ಹುಟ್ಟುವಾಗ ಗೂಬೆ ಕೂಗಲಿ, ಕಾಗೆ ಕೂಗಲಿ, ಕಾರಿನ ಬಾಗಿಲು ಬಡಿಯಲಿ, ಹುಂಜ ತಡೆದುಕೊಳ್ಳಲಾರದೆ ಕೂಗಿಬಿಡುತ್ತೆ. ಎಲ್ಲಿದ್ದಾನೆ ಅಂತ ಗೊತ್ತಾಗುವುದು ಹಾಗೆ. ನನಗೆ ಮೈಯೆಲ್ಲ ಜುಮ್ ಅಂತು. ಆ ದಿನ ಹಕ್ಕಿ ಮರದಿಂದ ಇಳಿದು ಅಲ್ಲೇ ಇದ್ದ ಹೇಂಟೆಗಳ ಹಿಂದೆ ಹೊರಟುಹೋಯಿತು. ಮಂಗಳವಾರ, ಬುಧವಾರವೂ ಅದೇ ಕಥೆ.

ಗುರುವಾರ ಒಬ್ಬನೇ ಹೋದೆ. ಒಂಬತ್ತೂವರೆ ಹೊತ್ತಿಗೆ ಒಂದು ತಗ್ಗಿನ ಪಕ್ಕ ಕೂತೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಹೇಂಟೆ, ಒಂದು ಜೇಕ್ ನೆಟ್ಟೆ. ಬಾಕ್ಸ್ ಕಾಲ್ ತೆಗೆದು ಐದಾರು ಸಲ ಹೇಂಟೆ ಸ್ವರ ಹೊರಡಿಸಿದೆ. ಇನ್ನೂರು ಗಜ ದೂರದಿಂದ ಉತ್ತರ! ನಾನು ಮತ್ತೆ ಕರೆದೆ. ಅವನು ಮತ್ತೆ ಕೂಗಿದ. ಬಾಕ್ಸ್ ಬಿಟ್ಟು ಸ್ಲೇಟ್, ಸ್ಲೇಟ್ ಬಿಟ್ಟು ಬಾಯಿಯದು. ಪ್ರತಿ ಸಲವೂ ಉತ್ತರ. ಹತ್ತು ನಿಮಿಷದಲ್ಲಿ ಎದುರಿನ ದಿಬ್ಬದ ಅಂಚಿಗೆ ಬಂದ. ಬಿಚ್ಚಿದ ಬಾಲದ ತುದಿ ಮಾತ್ರ ಬೀಸಣಿಗೆ ತರಹ ಕಾಣುತ್ತಿತ್ತು. ನನ್ನ ಲೆಕ್ಕದಲ್ಲಿ ಅರವತ್ತೈದು ಹೆಜ್ಜೆ. ಸೀಸನ್‌ಗೆ ಮುಂಚೆ ಕಾಗದಕ್ಕೆ ಹೊಡೆದು ನೋಡಿದ್ದೆ, ನನ್ನ ಕೋವಿಯಲ್ಲಿ 40 ಗಜ ದಾಟಿದರೆ ಚರೆ ಚದುರಿಹೋಗುತ್ತೆ. ಹೊಡೆಯುವ ಹಾಗಿಲ್ಲ.

ಇನ್ನು ಇಪ್ಪತ್ತೈದು ಹೆಜ್ಜೆ ಬಂದರೆ ಸಾಕು. ಅವನು ಕೂಗಿದಾಗಲೆಲ್ಲ ನಾನು ಓಗೊಟ್ಟೆ. ಐವತ್ತು ನಿಮಿಷ ಅಲ್ಲೇ ಆಚೆ ಈಚೆ ಮೆರೆದಾಡಿದ. ಕೊನೆಗೆ ನನ್ನ ಬಲಗಡೆಯಿಂದ ಒಂದು ನಿಜವಾದ ಹೇಂಟೆ ಸದ್ದಿಲ್ಲದೆ ನಡೆದು ಬಂತು. ನೇರ ಅವನ ಹತ್ತಿರ ಹೋಯಿತು. ಇಬ್ಬರೂ ದಿಬ್ಬದ ಆಚೆ ಇಳಿದರು. ಅಷ್ಟೇ.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಆ ವಾರದ ರಜೆ ಪೂರ್ತಿ ನುಂಗಿದ್ದು ಇದೊಂದೇ ತಪ್ಪು. ನಾನು ಕರೆದದ್ದು ಕೆಟ್ಟದಾಗಿತ್ತು ಅಂತ ತಿಳಿದುಕೊಂಡಿದ್ದೆ. ಅಲ್ಲ. ತೀರಾ ಚೆನ್ನಾಗಿ ಕೇಳಿಸಿತ್ತು, ಅದೇ ತೊಂದರೆ. ಕಾಡಿನಲ್ಲಿ ಹುಂಜ ಹೇಂಟೆಯನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಅವನು ಒಂದು ಕಡೆ ನಿಂತು ಕೂಗುತ್ತಾನೆ, ಗರಿ ಬಿಚ್ಚುತ್ತಾನೆ. ಕೇಳಿಸಿಕೊಂಡವಳು ಅವನಿದ್ದಲ್ಲಿಗೆ ನಡೆದು ಹೋಗುತ್ತಾಳೆ. ನಾವು ಕಾಲ್ ಹಿಡಿದು ಕೂರುವುದು ಅಂದರೆ ಆ ಕ್ರಮವನ್ನೇ ಉಲ್ಟಾ ಮಾಡುವುದು, ನೀನೇ ಎದ್ದು ಬಾ ಅನ್ನುವುದು. ಹಾಗಿರುವಾಗ ಅವನು ಕೂಗಿದ ತಕ್ಷಣ ನಾನು ಓಗೊಟ್ಟರೆ ಅವನಿಗೆ ಏನು ಅರ್ಥವಾಗುತ್ತೆ? ಇವಳು ಬರ್ತಿದ್ದಾಳೆ ಅಂತ.

ನಮ್ಮಮ್ಮ ಅಡುಗೆಮನೆಯಿಂದ "ಊಟಕ್ಕೆ ಬಾರೋ" ಅಂತ ಕೂಗುತ್ತಿದ್ದಳು. "ಬಂದೆ" ಅನ್ನುತ್ತಿದ್ದೆ. ಐದು ನಿಮಿಷ ಬಿಟ್ಟು ಮತ್ತೆ ಕೂಗು, ಮತ್ತೆ "ಬಂದೇ". ಹೀಗೆ ಅರ್ಧ ಗಂಟೆಯಾದರೂ ಅಮ್ಮ ಒಲೆ ಮುಂದಿಂದ ಕದಲುತ್ತಿರಲಿಲ್ಲ. ಆದರೆ ಒಂದು ಸಲ ನಾನು ಸುಮ್ಮನಾದೆ ಅನ್ನಿ. ಎರಡನೇ ಕೂಗಿಗೂ ಉತ್ತರ ಇಲ್ಲ ಅಂದರೆ ಸೌಟು ಹಿಡಿದುಕೊಂಡೇ ಜಗುಲಿಗೆ ಬಂದುಬಿಡುತ್ತಿದ್ದಳು, ಎಲ್ಲಿ ಹೋದ ಇವನು ಅಂತ. ಆ ಗುರುವಾರ ನಾನು ಐವತ್ತು ನಿಮಿಷ "ಬಂದೆ, ಬಂದೆ" ಅನ್ನುತ್ತಾ ಕೂತಿದ್ದೆ. ಅವನು ಯಾಕೆ ಬರಬೇಕು?

ಇದಕ್ಕೆ ಬೊಂಬೆಯ ಸಹವಾಸ ಬೇರೆ. ದಿಬ್ಬದ ಮೇಲಿಂದ ಅವನಿಗೆ ಹೇಂಟೆ ಕಾಣಿಸುತ್ತಿದೆ. ಅವಳು ಕೂಗುತ್ತಿದ್ದಾಳೆ, ಆದರೆ ಒಂದು ಹೆಜ್ಜೆ ಇಡುತ್ತಿಲ್ಲ. ಪಕ್ಕದಲ್ಲಿ ಜೇಕ್ ಬೇರೆ ನಿಂತಿದ್ದಾನೆ. ಟರ್ಕಿಗೆ ಮೂಗು ಅಷ್ಟಕ್ಕಷ್ಟೇ, ಎಲ್ಲವೂ ಕಣ್ಣು ಕಿವಿ. ನಮ್ಮ ಕಡೆ ಆನೆ ವಿಷಯದಲ್ಲಿ ಗಾಳಿ ನೋಡುತ್ತೇವಲ್ಲ, ಇಲ್ಲಿ ಅದು ಬೇಕಿಲ್ಲ. ಕಣ್ಣಿಗೆ ಅನುಮಾನ ಬಂದರೆ ಮುಗಿಯಿತು. ಇದೆಲ್ಲ ನನಗೆ ಹೊಳೆದದ್ದು ಶುಕ್ರವಾರ ರಾತ್ರಿ, ಮೈಯಿಂದ ಉಣುಗು ಕೀಳುತ್ತಾ ಕೂತಾಗ. (ಮಂಗನ ಕಾಯಿಲೆ ಕಂಡ ಮಲೆನಾಡಿನವನಾಗಿ ಉಣುಗಿಗೆ ಮೊದಲೇ ಹೆದರಬೇಕಿತ್ತು. ಇಲ್ಲಿನ ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸವೇ ಒಗ್ಗದ ಹಾಗೆ ಆಗುತ್ತೆ. ಬಟ್ಟೆಗೆ ಪರ್ಮೆಥ್ರಿನ್ ಹೊಡೆದು ಒಣಗಿಸಿ ಹಾಕಿಕೊಳ್ಳಿ.)

ರಜೆ ಮುಗಿಯಿತು. ಎರಡನೇ ವಾರ ಆಫೀಸು. ಮೇ 4, ಶನಿವಾರ, ಸೀಸನ್ ಮುಗಿಯಲು ಎರಡೇ ದಿನ. ಅದೇ ತಗ್ಗಿಗೆ ಹೋದೆ, ಆದರೆ ಈ ಸಲ ದಿಬ್ಬದ ಮೇಲೆಯೇ ಕೂತೆ. ಅವನು ಅಂಚಿಗೆ ಬಂದು ಕಂಡ ಕೂಡಲೇ ಕೋವಿಯ ಅಳತೆಯೊಳಗೆ ಇರಬೇಕು ಅಂತ. ಒಂದೇ ಒಂದು ಹೇಂಟೆ ಬೊಂಬೆ, ಹದಿನೆಂಟು ಹೆಜ್ಜೆಗೆ. ಬೆಳಗ್ಗೆ ಗೂಬೆ ಕೂಗಲಿಲ್ಲ, ಓಡಾಡಲಿಲ್ಲ. ಒಂಬತ್ತರವರೆಗೆ ಕಾದೆ. ಅದಕ್ಕೂ ಕಾರಣ ಇದೆ. ಹೇಂಟೆ ದಿನಕ್ಕೊಂದರ ಹಾಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಆಮೇಲೆ 28 ದಿನ ಕಾವು ಕೂರುತ್ತೆ. ಮೇ ಹೊತ್ತಿಗೆ ಬಹಳಷ್ಟು ಹೇಂಟೆಗಳು ಬೆಳಗ್ಗೆ ಹುಂಜನನ್ನು ಬಿಟ್ಟು ಗೂಡಿಗೆ ಹೋಗಿರುತ್ತವೆ. ಒಂಬತ್ತು, ಹತ್ತಕ್ಕೆ ಅವನು ಒಂಟಿ. ನಸುಕಿನಲ್ಲಿ ಕೂಗಾಡುವ ಹುಂಜಕ್ಕಿಂತ ಹತ್ತು ಗಂಟೆಗೆ ಒಂದೇ ಸಲ ಕೂಗುವ ಹುಂಜ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಐದು ಸಲ, ಮೆಲ್ಲಗೆ, ಬಾಕ್ಸ್ ಎಳೆದೆ. ದೂರದಿಂದ ಗಡಗಡ. ಬಾಕ್ಸನ್ನು ಕೈಗೆ ಸಿಗದಷ್ಟು ದೂರ ಎಲೆಗಳ ಮೇಲೆ ಇಟ್ಟುಬಿಟ್ಟೆ. ಕೋವಿ ಮಂಡಿ ಮೇಲೆ. ಮತ್ತೆ ಕೂಗಿದ. ಕೈ ತುರಿಸುತ್ತಿತ್ತು ಸ್ವಾಮಿ, ನಿಜ ಹೇಳುತ್ತೇನೆ. ಮೂರನೇ ಸಲ ಕೂಗಿದ, ಹತ್ತಿರದಿಂದ. ಆಮೇಲೆ ನಿಶ್ಶಬ್ದ. ಹೊರಟುಹೋದ ಅಂದುಕೊಂಡೆ. ಇಪ್ಪತ್ತು ನಿಮಿಷ, ಇಪ್ಪತ್ತೈದು. ಕಾಲು ಜೋಮು ಹಿಡಿಯಿತು. ಆಗ ಒಂದು ಸದ್ದು ಬಂತು. ಕಿವಿಗಿಂತ ಎದೆಗೆ ಮೊದಲು ತಾಗುವ ಗುಂಯ್ ಅನ್ನುವ ಸದ್ದು, ದೂರದಲ್ಲಿ ಲಾರಿ ನಿಂತು ಗುರುಗುಟ್ಟಿದ ಹಾಗೆ. ಇಲ್ಲಿನವರು ಡ್ರಮ್ಮಿಂಗ್ ಅನ್ನುತ್ತಾರೆ. ಕಣ್ಣು ಮಾತ್ರ ತಿರುಗಿಸಿದೆ. ಡಾಗ್‌ವುಡ್ ಪಕ್ಕದಿಂದ ತಲೆ ಎದ್ದಿತು, ಬಿಳಿ ನೆತ್ತಿ, ನೀಲಿ ಕೆನ್ನೆ, ಕೆಂಪು ಕತ್ತು. ಬೊಂಬೆಯನ್ನೇ ನೋಡುತ್ತಿದ್ದ, ನನ್ನನ್ನಲ್ಲ. ಬೊಂಬೆಯ ಉಪಯೋಗ ಅಷ್ಟೇ ನೋಡಿ, ಅವನ ಕಣ್ಣು ನಮ್ಮ ಮೇಲಿಂದ ಆಚೆ ಇರಲಿ ಅಂತ. ಮರದ ಹಿಂದೆ ಅವನ ತಲೆ ಮರೆಯಾದಾಗ ಕೋವಿ ತಿರುಗಿಸಿದೆ, ಹೊರಗೆ ಬಂದಾಗ ಕತ್ತಿಗೆ ಹೊಡೆದೆ.

ಇಪ್ಪತ್ತೊಂದು ಪೌಂಡ್. ಕಾಲಮುಳ್ಳು ಒಂದು ಇಂಚು. ಅಲ್ಲೇ ಕೂತು ಪರ್ಮಿಟ್‌ಗೆ ಗುರುತು ಹಾಕಿದೆ, ಫೋನಿನಲ್ಲಿ ಟೆಲಿಚೆಕ್ ಮುಗಿಸಿದೆ (ಹೊಡೆದ ಹಕ್ಕಿಯನ್ನು ಇಲಾಖೆಗೆ ವರದಿ ಮಾಡುವುದು; ಅದೇ ದಿನ ರಾತ್ರಿ ಹತ್ತರೊಳಗೆ ಆಗಬೇಕು, ಮರೆಯಬೇಡಿ). ಖುಷಿ ಆಯಿತಾ ಅಂದರೆ, ಆಯಿತು, ಸ್ವಲ್ಪ ಹೊತ್ತು ಬಿಟ್ಟು. ಮೊದಲು ಸುಮ್ನೆ ಅದರ ಗರಿ ಮುಟ್ಟುತ್ತಾ ಕೂತಿದ್ದೆ. ಬಿಸಿಲಿಗೆ ಹಿಡಿದರೆ ತಾಮ್ರ, ಹಸಿರು, ನೇರಳೆ. ಈ ರಾಜ್ಯದಲ್ಲಿ ಒಂದು ಕಾಲಕ್ಕೆ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಬದುಕಲಿಲ್ಲ. ಆಮೇಲೆ ಉಳಿದಿದ್ದ ಕಾಡುಹಕ್ಕಿಗಳನ್ನೇ ಬಲೆ ಹಾಕಿ ಹಿಡಿದು ಬೇರೆ ಬೇರೆ ಕಡೆ ಬಿಟ್ಟರು. 1960ರಲ್ಲಿ ಮತ್ತೆ ಸೀಸನ್ ತೆರೆಯುವಷ್ಟಾಯಿತು. ನೀವು ಕೊಳ್ಳುವ ತೋಟಾ ಪೆಟ್ಟಿಗೆಯ ಮೇಲಿನ 11% ತೆರಿಗೆ 1937ರ ಒಂದು ಕಾಯ್ದೆಯ ಪ್ರಕಾರ ಇಂಥ ಕೆಲಸಕ್ಕೇ ಹೋಗುತ್ತೆ. ನಾನೂರು ಡಾಲರ್ ಖರ್ಚು ಮಾಡಲೇಬೇಕು ಅನ್ನಿಸಿದರೆ ತೋಟಾಗೆ ಹಾಕಿ, ಕಾಗದಕ್ಕೆ ಹೊಡೆದು ಕಲಿಯಿರಿ.

ಈಗ ನಿಮ್ಮ ಪ್ರಶ್ನೆ. ಯಾವ ಕಾಲ್ ಅನ್ನುವುದೇ ತಪ್ಪು ಪ್ರಶ್ನೆ. ನಿಜವಾದ ಹೇಂಟೆಗಳಲ್ಲೂ ಗೊಗ್ಗರು ದನಿಯವು ಎಷ್ಟೋ ಇವೆ. ಸ್ವರಕ್ಕಿಂತ ಲಯ ಮುಖ್ಯ, ಲಯಕ್ಕಿಂತ ಯಾವಾಗ ನಿಲ್ಲಿಸಬೇಕು ಅನ್ನುವುದು ಮುಖ್ಯ. ಡಯಾಫ್ರಮ್ ಬಾಯಲ್ಲೇ ಇರುತ್ತೆ, ಎರಡೂ ಕೈ ಖಾಲಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದಕ್ಕೇ ಬೇಡ ಅನ್ನುವುದು. ಬಾಯಲ್ಲೇ ಇದ್ದರೆ ಊದದೆ ಇರಲು ಆಗಲ್ಲ. ಬಾಕ್ಸ್ ಕಾಲ್ ತಗೊಳ್ಳಿ, ಅದಕ್ಕೆ ಎರಡು ಕೈ ಬೇಕು, ಕೋವಿ ಹಿಡಿದ ಮೇಲೆ ಕರೆಯಲು ಸಾಧ್ಯವೇ ಇಲ್ಲ. ಬ್ಯಾಟರಿ ಕಾಲ್ ಇಲ್ಲಿ ಕಾನೂನುಬಾಹಿರ. ಬೊಂಬೆ ಒಂದು ಹೇಂಟೆ ಸಾಕು.

ವೀಸಾ ಬಗ್ಗೆ ನೀವು ಬರೆದಿಲ್ಲ. H-1Bಯಲ್ಲಿದ್ದರೆ ಮಾಮೂಲಿಯಾಗಿ ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ, ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯ್ತಿ ಇದೆ. ಹಾಗಾಗಿ ಮೊದಲು ಹಂಟರ್ ಎಜುಕೇಷನ್, ಆಮೇಲೆ ಪರ್ಮಿಟ್, ಆಮೇಲೆ ಕೋವಿ. ಈ ಕ್ರಮ ತಪ್ಪಿಸಬೇಡಿ, ಒಂದು ಸಲ ವಕೀಲರನ್ನೂ ಕೇಳಿ.

ಅಡುಗೆ: ಎದೆ ಮಾಂಸ ಬೇಗ ಬೇಯುತ್ತೆ. ಕಾಲಿನದು ನಾರು, ಕುಕ್ಕರ್‌ನಲ್ಲಿ ಹತ್ತು ವಿಷಲ್ ಆದರೂ ಮುಷ್ಕರ ಮಾಡಿತು. ಮಾರನೆಯ ದಿನ ಸಾರಾಗಿ ಕಡುಬಿನ ಜೊತೆ ಚೆನ್ನಾಗಿತ್ತು.

ಬಾಕ್ಸ್ ಕಾಲ್‌ಗೆ ಸೀಮೆಸುಣ್ಣ ಹಚ್ಚಿ, ಅದರಲ್ಲಿ ಎಣ್ಣೆಯಾಗಲಿ ಮೇಣವಾಗಲಿ ಇರಬಾರದು. ಮಳೆ ಬಂದರೆ ಬ್ರೆಡ್ ಕವರಿನಲ್ಲಿ ಹಾಕಿ, ನಡೆಯುವಾಗ ರಬ್ಬರ್ ಬ್ಯಾಂಡ್ ಸುತ್ತಿ, ಇಲ್ಲದಿದ್ದರೆ ಜೇಬಿನಲ್ಲೇ ಕೂಗುತ್ತೆ. ದೊಡ್ಡ ಹುಂಜದ ಬೊಂಬೆ ಈಗಲೂ ನಮ್ಮ ಗ್ಯಾರೇಜಿನಲ್ಲಿದೆ. ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮಗಳು ಅದನ್ನೂ ಮೇಲಿನ ಮೆಟ್ಟಿಲಿಗೆ ಇಡೋಣ ಅಂತ ಹಟ ಮಾಡುತ್ತಾಳೆ. ಅವಳಮ್ಮ ಇನ್ನೂ ಒಪ್ಪಿಲ್ಲ.