ಮೂವರು ಮಕ್ಕಳಿಗೂ ಒಂದೇ ಕಾನೂನು: ದಾವಣಗೆರೆಯ ಒಂದು ಆಪ್ತಸಲಹೆ ಪ್ರಕರಣ

ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.

ಶಾಲೆಗಳು ಆರಂಭವಾಗಿ ಎರಡು ವಾರ ಕಳೆದಿದ್ದ ಜೂನ್ ತಿಂಗಳಲ್ಲಿ, ದಾವಣಗೆರೆಯ ನಿಟುವಳ್ಳಿ ಕಡೆಯ ದಂಪತಿ ಎಸ್ಸೆಸ್ಸೆಲ್ಸಿ ಓದುತ್ತಿರುವ ಹಿರಿಯ ಮಗನನ್ನು ಕರೆದುಕೊಂಡು ಬಂದರು. ತಂದೆಗೆ ಪೇಟೆಯಲ್ಲಿ ಕಿರಾಣಿ ಸಗಟು ವ್ಯಾಪಾರ. ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಹುಡುಗನಿಗೆ 15 ವರ್ಷ, ತಂಗಿಗೆ 9, ಕಡೆಯ ಗಂಡುಮಗುವಿಗೆ 4. ಮಕ್ಕಳ ದೊಡ್ಡಪ್ಪನ ಕುಟುಂಬದೊಂದಿಗೆ ಕೂಡಿದ್ದ ಮನೆಯಿಂದ ಬೇರೆಯಾಗಿ, ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಬಾಡಿಗೆ ಮನೆಗೆ ಬಂದು ಆಗ ಐದು ತಿಂಗಳಾಗಿತ್ತು.

ಹುಡುಗ ಮೊಬೈಲ್ ಬಿಡುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ, ಎದುರು ಮಾತನಾಡುತ್ತಾನೆ ಎಂಬುದು ದೂರು. ಮನೆಯ ದಿನಚರಿಯನ್ನು ಕೇಳಿದಾಗ ತಂದೆ, "ನಮ್ಮನ್ಯಾಗ ಮೂರೂ ಮಕ್ಳಿಗೂ ಒಂದೇ ಕಾನೂನ್ರೀ ಮೇಡಂ, ಭೇದ ಮಾಡಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಅವರು ಅಂಗಡಿ ಮುಚ್ಚಿ ರಾತ್ರಿ ಹತ್ತಕ್ಕೆ ಬಂದ ಮೇಲೆ ಎಲ್ಲರೂ ಕೂಡಿ ಊಟ ಮಾಡಬೇಕು, ಹನ್ನೊಂದೂವರೆಯ ಹೊತ್ತಿಗೆ ಮಲಗಬೇಕು, ಬೆಳಿಗ್ಗೆ ಐದೂವರೆಗೆ ಏಳಬೇಕು. ನಾಲ್ಕು ವರ್ಷದ ಮಗುವಿಗೂ ಇದೇ ನಿಯಮ. ತೊಂದರೆಯ ಬೇರು ಹುಡುಗನಿಗಿಂತ ಈ ಕಾನೂನಿನಲ್ಲೇ ಇರಬಹುದೆಂದು ನನಗೆ ಆಗಲೇ ಅನ್ನಿಸಿತು.

ಹುಡುಗನೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಮಲಗಿ ನಿದ್ದೆ ಹತ್ತುವಾಗ ಹನ್ನೆರಡು ದಾಟುತ್ತದೆ, ಆರಕ್ಕೆ ಟ್ಯೂಷನ್. ಹದಿಹರೆಯದಲ್ಲಿ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಆದರೂ ಈ ವಯಸ್ಸಿಗೆ 8ರಿಂದ 10 ತಾಸಿನ ನಿದ್ದೆ ಬೇಕು. ಐದು ತಾಸು ಮಲಗಿ ಎದ್ದವನ ಸಿಡುಕನ್ನು ಮನೆಯವರು ಸೊಕ್ಕು ಎಂದುಕೊಂಡಿದ್ದರು. ಮಾತಿನ ನಡುವೆ ಅವನು "ಸಾಕಾಗೈತ್ರಿ" ಎಂದ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ತಂದೆತಾಯಿಗಳಲ್ಲಿ ಇರುತ್ತದೆ, ಅದಕ್ಕೆ ಆಧಾರವಿಲ್ಲ. ಇಲ್ಲ ಎಂದ. ಆದರೂ ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವನಿಗೂ ತಾಯಿಗೂ ಬರೆದುಕೊಟ್ಟೆ.

ಮೂರನೆಯ ಭೇಟಿಗೆ ಅಜ್ಜಿಯೂ ಬಂದಿದ್ದರು. ಹಿರಿಯನ ವಿಷಯ ನಡೆಯುತ್ತಿದ್ದಾಗ ಅವರು ಬೇಸರದಿಂದ, "ನನಗಂತೂ ಬೆಳಗಾದ್ರ ಆ ಹುಡುಗಿ ಹಾಸಿಗಿ ಒಣ ಹಾಕೋದೇ ಆಗೈತಿ" ಎಂದುಬಿಟ್ಟರು. ತಾಯಿ ತಲೆ ತಗ್ಗಿಸಿದರು. ಮೂರನೆಯ ವರ್ಷದಿಂದಲೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗಳು ಹೊಸ ಮನೆಗೆ ಬಂದ ಮೇಲೆ ವಾರಕ್ಕೆ ಐದು ರಾತ್ರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಅಣ್ಣ ಅವಳಿಗೆ ಅಡ್ಡಹೆಸರು ಇಟ್ಟಿದ್ದ, ತಂದೆ ಎರಡು ಸಲ ಹೊಡೆದಿದ್ದರು. ಓದಿನಲ್ಲಿ ಮುಂದು, ಹೇಳಿದ ಮಾತು ಕೇಳುವವಳು. ಅದಕ್ಕೇ ಅವಳ ಸಂಗತಿ ನನ್ನವರೆಗೆ ಬಂದಿರಲಿಲ್ಲ.

ಆರು ತಿಂಗಳಾದರೂ ಒಣ ಹಾಸಿಗೆಯಲ್ಲಿ ಮಲಗಿದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇವುಗಳನ್ನು ನೋಡದೆ ಮನಸ್ಸಿನ ಕಾರಣವನ್ನು ಹುಡುಕಹೊರಡುವುದು ನಮ್ಮ ವೃತ್ತಿಯವರು ಮಾಡುವ ದೊಡ್ಡ ತಪ್ಪು. ಪರೀಕ್ಷೆಯಲ್ಲಿ ಸೋಂಕೂ ಸಕ್ಕರೆಯೂ ಕಾಣಲಿಲ್ಲ, ಮಲಬದ್ಧತೆ ತೀವ್ರವಾಗಿತ್ತು. ಕರುಳಿನ ಕೊನೆಯಲ್ಲಿ ಗಟ್ಟಿಯಾಗಿ ತುಂಬಿದ ಮಲ ಮೂತ್ರಕೋಶವನ್ನು ಒತ್ತುವುದರಿಂದ ಅದು ಹಿಡಿದಿಡಬಹುದಾದ ಮೂತ್ರದ ಪ್ರಮಾಣ ಕಡಿಮೆಯಾಗುತ್ತದೆ. ಹುಡುಗಿಯನ್ನು ನಿಧಾನವಾಗಿ ಮಾತನಾಡಿಸಿದಾಗ ಉಳಿದದ್ದು ತಿಳಿಯಿತು. ಹೊಸ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಹಾಗಾಗಿ ಅವಳು ದಿನವಿಡೀ ನೀರು ಕುಡಿಯುತ್ತಿರಲಿಲ್ಲ, ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಸಂಜೆ ಬಂದ ಮೇಲೆ ಎರಡು ಮೂರು ಲೋಟ ಒಟ್ಟಿಗೆ ಕುಡಿಯುತ್ತಿದ್ದಳು. ಹಳೆಯ ಮನೆಯಲ್ಲಿ ರಾತ್ರಿ ದೊಡ್ಡಪ್ಪನ ಮಗಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದವಳಿಗೆ ಇಲ್ಲಿ ಕತ್ತಲೆಯ ಹಿತ್ತಲು ದಾಟಲು ಭಯ.

ಮಲ ಸಡಿಲಿಸಲು ವೈದ್ಯರು ಕೊಟ್ಟ ಔಷಧವನ್ನು, ಸರಿಯಾಯಿತೆಂದು ತಾವೇ ನಿಲ್ಲಿಸದೆ, ಅವರು ಹೇಳುವವರೆಗೂ ಕೊಡಬೇಕೆಂದು ತಾಯಿಗೆ ತಿಳಿಸಿದೆ. ಚಿಲಕದ ವಿಷಯವನ್ನು ತರಗತಿಯ ಶಿಕ್ಷಕಿಗೆ ತಾಯಿಯೇ ಹೋಗಿ ಹೇಳಬೇಕು, ಅಲ್ಲಿಯವರೆಗೆ ಬಾಗಿಲು ಕಾಯಲು ಗೆಳತಿಯೊಬ್ಬಳು ಜೊತೆಗೆ ಹೋಗಲಿ. ನೀರನ್ನು ಹಗಲಲ್ಲಿ ಹಂಚಿ ಕುಡಿಸಬೇಕು, ಎರಡು ಮೂರು ತಾಸಿಗೊಮ್ಮೆ ಮೂತ್ರಕ್ಕೆ ಹೋಗುವ ಅಭ್ಯಾಸ ಮಾಡಿಸಬೇಕು, ರಾತ್ರಿ ಊಟದ ನಂತರ ಬಾಯಾರಿಕೆಗೆ ಬೇಕಾದಷ್ಟೇ ಸಾಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಬಾಳೆಹಣ್ಣು ಆ ಮನೆಯಲ್ಲಿ ಇದ್ದದ್ದೇ. ಸಂಜೆಯ ಮಂಡಕ್ಕಿ-ಮಿರ್ಚಿಯಿಂದ ಹೊಟ್ಟೆ ತುಂಬಿಸಿಕೊಂಡು ಊಟ ಬಿಡುವುದನ್ನು ತಪ್ಪಿಸಿದರಾಯಿತು. ಹಿತ್ತಲಿಗೊಂದು ಬಲ್ಬು ಹಾಕಿಸಿ, ಸ್ವಿಚ್ಚು ಅವಳ ಹಾಸಿಗೆಯ ಹತ್ತಿರ ಇರುವಂತೆ ಮಾಡಿ ಎಂದೆ. ಹಾಸಿಗೆಯ ಮೇಲೆ ರೆಕ್ಸಿನ್ ಹಾಸಿದರೆ ಅಜ್ಜಿಯ ಕೆಲಸವೂ ಹಗುರ. ಬೈಗುಳ, ಅಡ್ಡಹೆಸರು, ಹೊಡೆತ ಅಂದಿನಿಂದಲೇ ನಿಲ್ಲಬೇಕೆಂಬ ಮಾತಿನಲ್ಲಿ ಮಾತ್ರ ನಾನು ಸಡಿಲ ಬಿಡಲಿಲ್ಲ. ಒಣ ಹಾಸಿಗೆಗೆ ನಕ್ಷತ್ರ ಅಂಟಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ನಿದ್ದೆಯಲ್ಲಿ ಆಗುವುದು ಮಗುವಿನ ಕೈಯಲ್ಲಿಲ್ಲ. ಮಲಗುವ ಮುನ್ನ ಶೌಚಕ್ಕೆ ಹೋಗಿಬಂದದ್ದಕ್ಕೆ ಅಂಟಿಸಲಿ.

ಚಿಕ್ಕವನು ಮೊಬೈಲ್ ತೋರಿಸಿದರೆ ಮಾತ್ರ ಉಣ್ಣುತ್ತಿದ್ದ. ಈ ವಯಸ್ಸಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿದ್ದೆ 10ರಿಂದ 13 ತಾಸು. ರಾತ್ರಿ ಹತ್ತರವರೆಗೆ ಎಚ್ಚರವಿದ್ದ ಮಗುವಿಗೆ ತೂಕಡಿಕೆಯಲ್ಲಿ ತುತ್ತು ಇಳಿಯದಿದ್ದರೆ ಆಶ್ಚರ್ಯವೇನು? ಏಳಕ್ಕೆ ಊಟ, ಎಂಟೂವರೆಗೆ ಹಾಸಿಗೆ, ಅರ್ಧ ತಾಸು ದಾಟಿದರೆ ತಟ್ಟೆ ಎತ್ತಿಡಿ ಎಂದೆ. ಎರಡು ವಾರ ಅಳುತ್ತಾನೆಂದು ಅಜ್ಜಿಗೆ ಮೊದಲೇ ಹೇಳಿ ಒಪ್ಪಿಸಬೇಕಾಯಿತು.

ಕೂಡಿ ಉಣ್ಣುವುದು ತಪ್ಪುತ್ತದೆಂದು ತಂದೆಗೆ ನೋವಾಯಿತು. ಆಗ ತಾಯಿಯೇ, "ಒಂದೇ ಅಳತಿಗೆ ಮೂರು ಮಂದಿಗೆ ರವಿಕಿ ಹೊಲಿದಂಗಾತಲ್ರೀ ಇದು" ಎಂದರು. ವಾರದ ರಜೆಯ ದಿನ ಎಲ್ಲರೂ ಕೂಡಿ ಉಣ್ಣುವುದು, ವಾರದಲ್ಲಿ ಎರಡು ದಿನ ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ತಂದೆ ಎಂಟಕ್ಕೇ ಬರುವುದು ಎಂದು ತೀರ್ಮಾನವಾಯಿತು. ಹಿರಿಯನ ಬೆಳಗಿನ ಟ್ಯೂಷನ್ ಸಂಜೆಗೆ ಬದಲಾಯಿತು. ರಾತ್ರಿ ಹತ್ತಕ್ಕೆ ತಂದೆಯದೂ ಸೇರಿ ಮನೆಯ ಎಲ್ಲ ಮೊಬೈಲುಗಳೂ ನಡುಮನೆಯಲ್ಲೇ ಚಾರ್ಜಿಗಿರಬೇಕೆಂಬ ಕರಾರನ್ನು ಅವನ ಕೈಯಿಂದಲೇ ಬರೆಸಿದೆ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿರುವುದನ್ನು ಹೇಳಿದ್ದರಿಂದ ಹುಡುಗನಿಗಿಂತ ತಂದೆಯ ಭಯವೇ ಹೆಚ್ಚು ಇಳಿಯಿತು.

ಸೆಪ್ಟೆಂಬರ್ ಹೊತ್ತಿಗೆ ಹುಡುಗಿಯ ಹಾಸಿಗೆ ವಾರಕ್ಕೊಮ್ಮೆ ಒದ್ದೆಯಾಗುವ ಮಟ್ಟಕ್ಕೆ ಬಂದಿತ್ತು, ಔಷಧ ಮುಂದುವರಿದಿದೆ. ಮೊಬೈಲಿನ ಕರಾರನ್ನು ಹೆಚ್ಚು ಸಲ ಮುರಿದವರು ತಂದೆ, ಅದನ್ನು ಮಗ ದಿನಾಂಕ ಸಮೇತ ಬರೆದಿಟ್ಟಿದ್ದ. ಚಿಕ್ಕವನಿಗೆ ಅಜ್ಜಿ ಈಗಲೂ ಕೈತುತ್ತು ಹಾಕುತ್ತಾರೆ, ಮೊಬೈಲ್ ಇಲ್ಲದೆ. ಅದನ್ನು ಬಿಡಿಸುವ ಗೋಜಿಗೆ ನಾನು ಹೋಗಲಿಲ್ಲ. ಮುಂದಿನ ಭೇಟಿ ದೀಪಾವಳಿಯ ನಂತರ.