ತಲೆ ಯಾಕೆ ವಾಲುತ್ತೆ ಅಂತ ಕೇಳುವವರಿಗೆ

ಏಪ್ರಿಲ್ ಬಂತು ಅಂದರೆ ನನಗೆ ಕೈಗೊಂಬೆಗಳ, ಅಂದರೆ ಒಳಗೆ ಕೈ ತೂರಿಸಿ ಆಡಿಸುವ ಗೊಂಬೆಗಳ ಫೋಟೋ ಬರಲು ಶುರುವಾಗುತ್ತದೆ. ಅಜ್ಜಿ, ಹುಲಿ, ಭೀಮ, ಪೊಲೀಸಪ್ಪ. ಎಲ್ಲದರ ಕೆಳಗೂ ಅದೇ ಮೂರು ನಾಲ್ಕು ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಬರೆದು ನನಗೂ ಸಾಕಾಗಿದೆ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ. ಮೈದಾ ಅಂಟು ಕುದಿಸುವುದು, ಸೂಜಿಗೆ ದಾರ ಪೋಣಿಸುವುದು ಇಲ್ಲಿಲ್ಲ. ಅವು ಮನೆಯಲ್ಲಿ ಯಾರಿಗಾದರೂ ಗೊತ್ತಿರುತ್ತವೆ.

ಮೇಡಂ, ಮಗಳ ಶಾಲೆಗೆ ಅಂತ ಅಜ್ಜಿ ಗೊಂಬೆ ಮಾಡಿದೆ. ಮುಖ ತುಂಬಾ ಚೆನ್ನಾಗಿ ಬಂತು. ಆದರೆ ಕೈಗೆ ಹಾಕಿಕೊಂಡ ಕೂಡಲೇ ತಲೆ ವಾಲುತ್ತೆ. ಗೊಂಬೆಯ ಕೈ ಅಲ್ಲಾಡಲ್ಲ. ಐದು ನಿಮಿಷಕ್ಕೇ ಅವಳಿಗೆ ಬೆರಳು ನೋವು. ಇನ್ನೂ ಒಳ್ಳೆ ಸಾಮಾನು ತರಬೇಕಿತ್ತಾ? (ಕುವೆಂಪುನಗರ, ಮೈಸೂರು)

ಬೇಡ. ಈಗಾಗಲೇ ಜಾಸ್ತಿ ಖರ್ಚು ಮಾಡಿದ್ದೀರಿ. ಫೋಟೋ ನೋಡಿದೆ. ರಬ್ಬರ್ ಚೆಂಡು, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದರ ಮೇಲೆ ಉಲ್ಲನ್ ಕೂದಲು, ಮೂಗುತಿಗೆ ನಿಜವಾದ ಹರಳು. ಮುಖ ಚೆನ್ನಾಗಿಯೇ ಇದೆ, ಸುಳ್ಳು ಹೇಳಲ್ಲ. ಆದರೆ ನೀವು ಮುಖದಿಂದ ಶುರು ಮಾಡಿದ್ದೀರಿ. ಎಲ್ಲರೂ ಅಲ್ಲಿಂದಲೇ ಶುರು ಮಾಡಿ, ಕೊನೆಗೆ ಇನ್ನು ಇದಕ್ಕೆ ಬೆರಳು ಎಲ್ಲಿ ತೂರಿಸಲಿ ಅಂತ ಯೋಚಿಸುತ್ತಾರೆ.

ಕೈಗೊಂಬೆಗೆ ಬೇರೆ ಎಲುಬಿಲ್ಲ, ಆಡಿಸುವವರ ಬೆರಳೇ ಎಲುಬು. ಹಾಗಾಗಿ ಮೊದಲ ಪ್ರಶ್ನೆ ನನ್ನದು: ಕುತ್ತಿಗೆಯ ಅಳತೆ ಯಾರ ಬೆರಳಿನಿಂದ ತಗೊಂಡಿರಿ? ಆಡಿಸುವುದು ಮಗಳು, ಅಳತೆ ಅಮ್ಮನದು. ನಿಮ್ಮ ತೋರುಬೆರಳು ಬಿಗಿಯಾಗಿ ಕೂರುವ ಕೊಳವೆಯಲ್ಲಿ ಏಳು ವರ್ಷದ ಮಗುವಿನ ಬೆರಳು ಬಾವಿಯೊಳಗಿನ ಕೊಡದ ಹಾಗೆ ಅಲ್ಲಾಡುತ್ತದೆ. ತಲೆ ವಾಲದೆ ಇನ್ನೇನು ಮಾಡೀತು?

ಕುತ್ತಿಗೆಯಿಂದ ಶುರು ಮಾಡಿ. ಮನೆಯಲ್ಲಿ ಹಳೆಯ ಮದುವೆ ಕಾರ್ಡ್ ಇದ್ದೇ ಇರುತ್ತದೆ. ಅದರಲ್ಲಿ ಆರು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಆಡಿಸುವ ಮಗುವಿನ ತೋರುಬೆರಳಿಗೆ ಎರಡು ಸುತ್ತು ಸುತ್ತಿ ಅಂಟಿಸಿ. ಬೆರಳು ಎರಡನೇ ಗೆಣ್ಣಿನವರೆಗೆ ಒಳಗೆ ಹೋಗಬೇಕು. ಬೆರಳ ತುದಿ ಮಾತ್ರ ಹೋದರೆ ತಲೆ ಅಲ್ಲಾಡುತ್ತದೆಯೇ ಹೊರತು ಮಾತು ಕೇಳುವುದಿಲ್ಲ. ಕೈ ಕೆಳಗೆ ಮಾಡಿ ಒದರಿ ನೋಡಿ, ಕೊಳವೆ ಬೀಳಬಾರದು. ಇನ್ನೊಂದು ಕೈಯಲ್ಲಿ ಎಳೆದರೆ ಸಲೀಸಾಗಿ ಬರಬೇಕು. ಕೊಳವೆಯ ಕೆಳಗಿನ ತುದಿಗೆ ಅಂಟು ಹಚ್ಚಿದ ಪೇಪರ್ ಹುರಿಯನ್ನು ಬಳೆಯ ಹಾಗೆ ಒಂದು ಸುತ್ತು ಸುತ್ತಿ. ಆ ದಪ್ಪ ಅಂಚು ಇದ್ದರೆ ಅಂಗಿಯನ್ನು ದಾರದಲ್ಲಿ ಕಟ್ಟಿದಾಗ ಜಾರುವುದಿಲ್ಲ. ಫೋಟೋ ಕಳಿಸುವ ಹತ್ತು ಜನರಲ್ಲಿ ಒಂಬತ್ತು ಜನ ಈ ಅಂಚು ಮಾಡಿರುವುದೇ ಇಲ್ಲ.

ಈಗ ತಲೆ. ಒಣ ಪೇಪರನ್ನು ಸಡಿಲವಾಗಿ ಮುದುರಿ ಮೂಸಂಬಿ ಗಾತ್ರದ ಉಂಡೆ ಮಾಡಿ. ಕುತ್ತಿಗೆಯ ಎರಡು ಸೆಂಟಿಮೀಟರ್ ಹೊರಗೆ ಬಿಟ್ಟು ಉಳಿದದ್ದು ಉಂಡೆಯೊಳಗೆ ಹೋಗಲಿ, ಸುತ್ತ ದಾರ ಸುತ್ತಿ. ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪೇಪರ್ ಚೂರುಗಳು. ಕೈಯಲ್ಲಿ ಹರಿದವು, ಕತ್ತರಿಯಲ್ಲಿ ಕತ್ತರಿಸಿದವಲ್ಲ. ಹರಿದ ಅಂಚು ಒಂದರ ಮೇಲೊಂದು ಕರಗಿ ಕೂರುತ್ತದೆ, ಕತ್ತರಿಸಿದ ಅಂಚು ಗೆರೆ ಬಿಡುತ್ತದೆ. ಐದು ಪದರ ಸಾಕು. ಒಂದು ಪದರ ನ್ಯೂಸ್‌ಪೇಪರ್, ಇನ್ನೊಂದು ಮಕ್ಕಳ ಹಳೆ ನೋಟ್‌ಬುಕ್ಕಿನ ಹಾಳೆ ಹಾಕುತ್ತಾ ಹೋಗಿ. ಎಲ್ಲಿ ಹಾಕಿದೆ, ಎಲ್ಲಿ ಬಿಟ್ಟೆ ಅಂತ ಕಣ್ಣಿಗೆ ಕಾಣುತ್ತದೆ.

ಬಲೂನಿನ ಮೇಲೆ ಮಾಡಿ ಅಂತ ಹೇಳುವ ವಿಡಿಯೋಗಳಿವೆ. ಬಲೂನ್ ಸುಮ್ನೆ ದೊಡ್ಡದಾಗುತ್ತದೆ. ಮಗುವಿನ ಕೈ ಮೇಲೆ ಕುಂಬಳಕಾಯಿ ಇಟ್ಟ ಹಾಗೆ ಕಾಣುತ್ತದೆ.

ತೂಕದ ವಿಷಯದಲ್ಲಿ ನನ್ನ ಲೆಕ್ಕ ಸರಳ. ಬಣ್ಣ, ಕೂದಲು ಎಲ್ಲ ಸೇರಿ ತಲೆ ಒಂದು ಕೋಳಿಮೊಟ್ಟೆಗಿಂತ ಭಾರ ಇರಬಾರದು. ಸುಮಾರು 50 ಗ್ರಾಂ. ಪ್ಲಾಸ್ಟರ್ ಆಫ್ ಪ್ಯಾರಿಸ್ ತಂದವರು ಈ ಲೆಕ್ಕ ಮರೆತುಬಿಡಿ. ನಾನೂ ಒಂದು ಕಾಲದಲ್ಲಿ ತಂದವಳೇ. ಮಂಡ್ಯದ ಹತ್ತಿರ ಒಂದು ಶಾಲೆಯ ವಾರ್ಷಿಕೋತ್ಸವ. ನನ್ನ ಭೀಮನಿಗೆ ಮೀಸೆ, ಕಿರೀಟ, ಎಲ್ಲವೂ ಪ್ಲಾಸ್ಟರಿನದೇ. ಬಕಾಸುರನ ಮೇಲೆ ಗದೆ ಬೀಸಿದ ರಭಸಕ್ಕೆ ಭೀಮನ ತಲೆಯೇ ಹಾರಿ ಮುಂದಿನ ಸಾಲಿನಲ್ಲಿ ಕೂತಿದ್ದವರ ಕಾಲ ಬಳಿ ಬಿತ್ತು. ಮಕ್ಕಳು ಅದನ್ನೂ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದರು. ಯಾರ ತಲೆಗೂ ಬೀಳಲಿಲ್ಲ ಅನ್ನುವುದು ನನ್ನ ಪುಣ್ಯ. ಅವತ್ತಿನಿಂದ ಮನೆಗೆ ಪ್ಲಾಸ್ಟರ್ ತಂದಿಲ್ಲ.

ಮುಖಕ್ಕೆ ಮೂಗು, ಹುಬ್ಬಿನ ಏಣು, ಗಲ್ಲ, ಈ ಮೂರನ್ನು ಜೋರಾಗಿ ಎಬ್ಬಿಸಿ. ನಿಮಗೆ ಅತಿ ಆಯಿತು ಅನ್ನಿಸಬೇಕು, ಅಷ್ಟು. ಹತ್ತು ಅಡಿ ದೂರದಲ್ಲಿ ಕೂತವರಿಗೆ ನೀವು ಬರೆದ ರೆಪ್ಪೆ ಕಾಣುವುದಿಲ್ಲ, ಮೂಗಿನ ನೆರಳು ಕಾಣುತ್ತದೆ. ತಲೆ ಸ್ವಲ್ಪ ಬಗ್ಗಿದರೆ ಆ ನೆರಳು ಸರಿಯುತ್ತದೆ, ಅಜ್ಜಿ ಬೇಜಾರಾದಳು ಅನ್ನಿಸುತ್ತದೆ. ಚಪ್ಪಟೆ ಮುಖಕ್ಕೆ ಎಷ್ಟು ಚೆಂದ ಬಣ್ಣ ಹಚ್ಚಿದರೂ ಈ ಕೆಲಸ ಆಗದು.

ಗೊಂಬೆಯ ಕೈ ಅಲ್ಲಾಡದಿರುವುದು ಅಂಗಿಯ ತಪ್ಪು. ನೀವು ಬಟ್ಟೆ ಮೇಲೆ ಕೈ ಇಟ್ಟು ಬೆರಳಿಗೆ ತಾಗಿಕೊಂಡೇ ಪೆನ್ಸಿಲ್ ಎಳೆದಿದ್ದೀರಿ, ಅಲ್ವಾ? ಕೈ ಚಪ್ಪಟೆ ಅಲ್ಲ, ಅದಕ್ಕೂ ದಪ್ಪ ಇದೆ. ಎರಡು ಪದರ ಬಟ್ಟೆ ಹೊಲಿದು ತಿರುಗಿಸಿದ ಮೇಲೆ ಕೈ ಆಡಲು ಜಾಗ ಎಲ್ಲಿ ಉಳಿಯಿತು? ತೋರುಬೆರಳು ನೆಟ್ಟಗೆ, ಹೆಬ್ಬೆರಳು ಒಂದು ಕಡೆ, ನಡುಬೆರಳು ಇನ್ನೊಂದು ಕಡೆ, ಉಳಿದೆರಡು ಬೆರಳು ಅಂಗೈಗೆ ಮಡಚಿ. ಹಾಗೆ ಇಟ್ಟುಕೊಂಡು ಸುತ್ತ ಮೂರು ಸೆಂಟಿಮೀಟರ್ ಬಿಟ್ಟು ಗೆರೆ ಎಳೆಯಿರಿ. ನಡುಬೆರಳು ಅಷ್ಟು ದೂರ ಹೋಗದವರು ಕಿರುಬೆರಳು ಬಳಸಲಿ, ತಪ್ಪೇನಿಲ್ಲ. ಕಂಕುಳ ಹತ್ತಿರ ಮೂಲೆ ಬರದ ಹಾಗೆ ದುಂಡಗೆ ಕತ್ತರಿಸಿ. ಹೊಲಿದ ಮೇಲೆ, ತಿರುಗಿಸುವ ಮೊದಲು, ಆ ದುಂಡಿನ ಅಂಚಿಗೆ ಎರಡು ಮೂರು ಕಡೆ ಕತ್ತರಿಯಿಂದ ಕಚ್ಚು ಹಾಕಿ. ಇಲ್ಲದಿದ್ದರೆ ಬಟ್ಟೆ ಅಲ್ಲೇ ಹಿಡಿದುಕೊಳ್ಳುತ್ತದೆ, ಕೈ ಎತ್ತಿದಾಗಲೆಲ್ಲ ಗೊಂಬೆಯ ಹೊಟ್ಟೆ ಮೇಲೆ ಬರುತ್ತದೆ. ಉದ್ದ ಮೊಣಕೈ ಹತ್ತಿರದವರೆಗೆ ಇರಲಿ. ಗಿಡ್ಡ ಅಂಗಿಯ ಕೆಳಗೆ ವಾಚು, ಬಳೆ ಕಾಣುತ್ತಿದ್ದರೆ ಗೊಂಬೆಯನ್ನು ಯಾರು ನೋಡುತ್ತಾರೆ?

ಬಟ್ಟೆ ಹಳೆಯ ಕಾಟನ್ ಸೀರೆ ಅಥವಾ ಪಂಚೆ. ಸ್ಯಾಟಿನ್ ಜಾರುತ್ತದೆ, ಜೀನ್ಸ್ ಬಗ್ಗುವುದಿಲ್ಲ. ಕೈಯಲ್ಲೇ ಹೊಲಿಯಬಹುದು.

ಖರ್ಚು ಎಲ್ಲಿ ಆಯಿತು? ಅರ್ಧ ಕೆಜಿ ಮೈದಾ, ಒಂದು ದಾರದ ಉಂಡೆ, ನಾಲ್ಕು ಪೋಸ್ಟರ್ ಕಲರ್ ಬಾಟಲಿ. ಉಳಿದದ್ದೆಲ್ಲ ಗುಜರಿಗೆ ಹೋಗಬೇಕಾಗಿದ್ದ ಸಾಮಾನು. ಅಷ್ಟರಲ್ಲಿ ಒಂದಲ್ಲ, ನಾಲ್ಕು ಗೊಂಬೆ ಆಗುತ್ತವೆ. ಮೊದಲನೆಯದು ಕೆಡುತ್ತದೆ, ಕೆಡಲಿ.

ಅಂದ ಹಾಗೆ, ಬೆರಳು ನೋವು ಸ್ವಲ್ಪ ದಿನ ಇರುತ್ತದೆ. ಮುಂಗೈ ನೆಟ್ಟಗೆ ನಿಲ್ಲಿಸುವ ಅಭ್ಯಾಸ ನಮಗಿಲ್ಲ. ಕನ್ನಡಿ ಮುಂದೆ ದಿನಕ್ಕೆ ಐದು ನಿಮಿಷ ಆಡಿಸಲಿ. ಮಗು ಸಾಕು ಅಂದ ಮೇಲೆ ಮುಗೀತು, ಎರಡನೇ ಸಲ ಹೇಳಿಸಿಕೊಳ್ಳಬೇಡಿ.

ಅಂಟಿಗೆ ಹುಳ ಬೀಳದ ಹಾಗೆ ಮೈಲುತುತ್ತ ಎಷ್ಟು ಹಾಕಬೇಕು? (ಅಂಗನವಾಡಿ ಕಾರ್ಯಕರ್ತೆ, ಮದ್ದೂರು)

ಚಿಟಿಕೆಯಷ್ಟೂ ಬೇಡ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹಾಕುತ್ತಾರೆ ಅಂತ ನೀವೂ ಹಾಕಬೇಡಿ ತಾಯಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದು ವಿಷ. ನಿಮ್ಮ ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳಿದ್ದಾರೆ. ಗೊಂಬೆ ಕೈಗೆ ಸಿಕ್ಕರೆ ಅವರು ಮೊದಲು ಮಾಡುವ ಕೆಲಸ ಅದರ ಮೂಗು ಕಚ್ಚುವುದು. ಈ ಸಲಹೆ ವಾಟ್ಸಾಪಿನಲ್ಲಿ ಯಾರು ಹರಡಿದರೋ, ಅವರ ಮನೆಯಲ್ಲಿ ಮಕ್ಕಳಿಲ್ಲ ಅನ್ನಿಸುತ್ತದೆ.

ನಮ್ಮ ಅಜ್ಜಿಯಂದಿರು ಮೊರಕ್ಕೆ, ಬುಟ್ಟಿಗೆ ಮೆಂತ್ಯ ಮತ್ತು ಕಾಗದ ನೆನೆಸಿ ರುಬ್ಬಿ ಬಳಿಯುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ. ರುಬ್ಬಿದ ಮೆಂತ್ಯ ಎರಡು ಚಮಚ ಅಂಟಿಗೆ ಸೇರಿಸಿದರೆ ಹಿಡಿತವೂ ಚೆನ್ನಾಗಿರುತ್ತದೆ. ಅದಕ್ಕಿಂತ ಮುಖ್ಯ ಒಣಗಿಸುವುದು. ಅರ್ಧ ಒಣಗಿದ ತಲೆಗೆ ಬಣ್ಣ ಬಳಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ನಮ್ಮ ಬಿಸಿಲಿನಲ್ಲಿ ಎರಡು ದಿನ, ಜಡಿಮಳೆಯಲ್ಲಿ ಐದು ದಿನ. ಬೆರಳಲ್ಲಿ ಕುಟ್ಟಿದರೆ ಟಕ್ ಟಕ್ ಅನ್ನಬೇಕು.

ಇಲಿಗೆ ಮಾತ್ರ ಮೆಂತ್ಯದ ಭಯವಿಲ್ಲ. ನನ್ನ ಒಂದು ದ್ರೌಪದಿಯ ಮೂಗನ್ನು ಮೆಂತ್ಯ ಸಮೇತ ತಿಂದಿದೆ. ಸ್ಟೀಲ್ ಡಬ್ಬಿಯಲ್ಲಿಡಿ.

ನನ್ನ ಮಗನಿಗೆ ಮೂರು ವರ್ಷ. ಇನ್ನೂ ಮಾತು ಬಂದಿಲ್ಲ. ಒಬ್ಬರು ಕೈಗೊಂಬೆ ಕಿಟ್ ಕೊಟ್ಟು 40 ದಿನದಲ್ಲಿ ಮಾತು ಬರಿಸುತ್ತೇವೆ ಅನ್ನುತ್ತಾರೆ. ನೀವೇ ಕಡಿಮೆ ಖರ್ಚಲ್ಲಿ ಮಾಡಿಕೊಡುತ್ತೀರಾ? (ಶ್ರೀರಂಗಪಟ್ಟಣ)

ಗೊಂಬೆ ಮಾಡಿಕೊಡುತ್ತೇನೆ, ದುಡ್ಡೂ ಬೇಡ. ಆದರೆ ಅದರಿಂದ ಮಾತು ಬರುತ್ತದೆ ಅಂತ ಮಾತ್ರ ಹೇಳಲ್ಲ. ಹಾಗೆ ಹೇಳುವವರಿಗೆ ಕೈಗೊಂಬೆಯೂ ಗೊತ್ತಿಲ್ಲ, ಮಗುವೂ ಗೊತ್ತಿಲ್ಲ. ಮಾತು ತಡವಾಗಲು ಹತ್ತು ಕಾರಣ ಇರಬಹುದು. ಮೊದಲು ಕಿವಿ ಕೇಳುತ್ತದಾ ನೋಡಿಸಬೇಕು. ನಿಮ್ಮೂರಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಮೈಸೂರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಇಷ್ಟು ಹತ್ತಿರ ಇದ್ದೂ ನೀವು ಕಿಟ್ ಮಾರುವವರ ಹತ್ತಿರ ಹೋಗುತ್ತೀರಲ್ಲ, ನನಗೆ ನಿಜವಾಗಿ ಸಿಟ್ಟು ಬಂತು. ಈ ವಾರವೇ ಹೋಗಿ. ಅಲ್ಲಿನವರು ಮಗುವನ್ನು ನೋಡಿ, ಗೊಂಬೆ ಹಿಡಿದು ಆಡಿಸಿ ಅಂದರೆ ಆಗ ಫೋನ್ ಮಾಡಿ. ಅವರು ಹೇಳಿದ ಹಾಗೇ ಮಾಡಿಕೊಡುತ್ತೇನೆ.

ಕೈಗೊಂಬೆ ನಮ್ಮದಲ್ಲ, ವಿದೇಶದಿಂದ ಬಂದದ್ದು. ನಮ್ಮದೇನಿದ್ದರೂ ತೊಗಲು ಗೊಂಬೆ, ಸೂತ್ರದ ಗೊಂಬೆ. ಮಕ್ಕಳಿಗೆ ಅದನ್ನೇ ಕಲಿಸಬಾರದೇ? (ಮಂಡ್ಯ)

ಕಲಿಸಿ, ಬೇಡ ಅಂದವರು ಯಾರು? ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಾಗ ನಾನೂ ಸಿಹಿ ಹಂಚಿದ್ದೇನೆ. ಆದರೆ ತೊಗಲು ಹದ ಮಾಡುವುದು ಬೇಸಿಗೆ ರಜೆಯಲ್ಲಿ ಡೈನಿಂಗ್ ಟೇಬಲ್ ಮೇಲೆ ಆಗುವ ಕೆಲಸ ಅಲ್ಲ ಸ್ವಾಮಿ. ಇನ್ನು ವಿದೇಶದ ಮಾತು. ಪಕ್ಕದ ಕೇರಳದಲ್ಲಿ ಪಾವಕಥಕಳಿ ಇದೆ, ಪೂರ್ತಿ ಕೈಗೊಂಬೆ. ನಿಂತೇ ಹೋಗುತ್ತಿದ್ದ ಆ ಆಟವನ್ನು ಮತ್ತೆ ಎಬ್ಬಿಸಲು ಓಡಾಡಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಒಡಿಶಾದಲ್ಲಿ ಕೈಗೊಂಬೆ ಇದೆ. ಉತ್ತರಪ್ರದೇಶದಲ್ಲಿ ಗುಲಾಬೊ, ಸಿತಾಬೊ ಅಂತ ಇಬ್ಬರು ಹೆಂಗಸರು ಜಗಳವಾಡುವ ಕೈಗೊಂಬೆ ಆಟ ಇದೆ.

ಪಾವಕಥಕಳಿಯಲ್ಲಿ ತಲೆ ಮರದ್ದು, ಮತ್ತೆ 50 ಗ್ರಾಂ ಲೆಕ್ಕ ಏನಾಯಿತು ಅಂತ ಕೇಳಬೇಡಿ. ಅವರು ವರ್ಷಗಟ್ಟಲೆ ಕೈ ಪಳಗಿಸಿದವರು.

ಥರ್ಮಾಕೋಲ್ ಉಂಡೆಗೆ ಸ್ಪ್ರೇ ಪೇಂಟ್ ಹೊಡೆದೆ, ಕರಗಿ ಗುಳಿ ಬಿತ್ತು. ಯಾಕೆ?

ಆ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ. ಪೋಸ್ಟರ್ ಕಲರ್ ಹಚ್ಚಿ.

ಅಮಾವಾಸ್ಯೆ ದಿನ ಗೊಂಬೆಗೆ ಕಣ್ಣು ಬರೆಯಬಾರದಂತೆ, ಹೌದಾ?

ಕರೆಂಟ್ ಹೋದಾಗ ಬರೆಯಬೇಡಿ.

ಸಾಕ್ಸ್ ಗೊಂಬೆಯ ಬಾಯಿ ಮಾತಿಗೆ ಸರಿಯಾಗಿ ಕೂರಲ್ಲ.

ಬಾಯೊಳಗೆ ನಡುವೆ ಮಡಚಿದ ರಟ್ಟು ಅಂಟಿಸಿ. ಮಾತಾಡಿಸುವಾಗ ಹೆಬ್ಬೆರಳನ್ನು ಕೆಳಗಿಳಿಸಿ, ಮೇಲಿನ ನಾಲ್ಕು ಬೆರಳು ಎತ್ತಬೇಡಿ. ಎತ್ತಿದರೆ ಗೊಂಬೆ ಪ್ರತಿ ಅಕ್ಷರಕ್ಕೂ ಆಕಾಶ ನೋಡುತ್ತದೆ.

ಫೆವಿಕ್ವಿಕ್ ಬಳಸಿದರೆ ಬೇಗ ಆಗಲ್ವಾ?

ಮಕ್ಕಳು ಇರುವ ಕಡೆ ಆ ಟ್ಯೂಬ್ ತೆಗೆಯಲೇಬೇಡಿ. ನನ್ನ ಎರಡು ಬೆರಳು ಒಂದಕ್ಕೊಂದು ಅಂಟಿ ಅರ್ಧ ಗಂಟೆ ಬಿಸಿನೀರಲ್ಲಿ ಕೂತಿದ್ದೇನೆ.

ದಸರಾಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಜೊತೆ ಕೈಗೊಂಬೆ ಇಡಬಹುದಾ? ನಿಲ್ಲುವುದೇ ಇಲ್ಲ. (ಚಾಮರಾಜಪುರಂ, ಮೈಸೂರು)

ಪಟ್ಟದ ಗೊಂಬೆಗಳ, ಅಂದರೆ ರಾಜ ರಾಣಿಯ ಸಾಲು ಬಿಟ್ಟು ಕೆಳಗಿನ ಮೆಟ್ಟಿಲಲ್ಲಿ ಇಡಿ. ಅರ್ಧ ಲೀಟರ್ ನೀರಿನ ಬಾಟಲಿ ತಗೊಂಡು, ಅದರ ಬಾಯಿಗೆ ಗೊಂಬೆಯ ಕುತ್ತಿಗೆ ಕೊಳವೆ ಕೂರುವಷ್ಟು ದಪ್ಪಕ್ಕೆ ಪೇಪರ್ ಸುರುಳಿ ತುರುಕಿ, ಅಂಗಿಯನ್ನು ಮೇಲಿಂದ ಇಳಿಬಿಡಿ. ಬಾಟಲಿಗೆ ಮೊದಲೇ ಅರ್ಧ ಮರಳು ತುಂಬಿರಬೇಕು, ಇಲ್ಲದಿದ್ದರೆ ಫ್ಯಾನ್ ಹಾಕಿದ ತಕ್ಷಣ ಪಕ್ಕದ ಗೊಂಬೆಗಳ ಮೇಲೆ ಬೀಳುತ್ತದೆ.