ಕ್ರಿಸ್ಟಾ ಡೀಸೆಲ್ ಕೊಟ್ಟು ಹೈಕ್ರಾಸ್ ಹೈಬ್ರಿಡ್ ತಗೊಳ್ಳಬಹುದಾ?

ನಿಮ್ಮ ಹತ್ತಿರ 2018ರ ಇನ್ನೋವಾ ಕ್ರಿಸ್ಟಾ 2.4 ಡೀಸೆಲ್ ಮ್ಯಾನುವಲ್ ಇದೆ, ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಅದೇ, ಆಗಾಗ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಪುತ್ತೂರಿಗೂ ಅದೇ. ಟೊಯೋಟಾದ್ದೇ ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಗಾಡಿ, ತಗೊಂಡರೆ ಖರ್ಚು ಉಳಿಯುತ್ತದಾ, ಕ್ರಿಸ್ಟಾದ ಗಟ್ಟಿತನ ಅದರಲ್ಲಿ ಇದೆಯಾ ಅಂತ ಕೇಳಿದ್ದೀರಿ.

ನಾನು ಎರಡನ್ನೂ ಓಡಿಸುತ್ತೇನೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಹೈಕ್ರಾಸ್ ಹೈಬ್ರಿಡ್ ಇದೆ, ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಅಣ್ಣನ ಕ್ರಿಸ್ಟಾ ಇದೆ. ನೀವು ಹೇಳಿದ ಓಡಾಟಕ್ಕೆ ಹೈಕ್ರಾಸೇ ಸರಿ. ಆದರೆ ದುಡ್ಡು ಉಳಿಯುತ್ತದೆ ಅನ್ನೋ ಕಾರಣಕ್ಕೆ ಮಾತ್ರ ತಗೊಳ್ಳಬೇಡಿ.

ಹೆಸರು ಒಂದೇ ಆದರೂ ಇವೆರಡು ಬೇರೆ ಬೇರೆ ಜಾತಿಯ ಗಾಡಿಗಳು. ಎರಡೂ ತಯಾರಾಗುವುದು ಬಿಡದಿಯಲ್ಲೇ. ಕ್ರಿಸ್ಟಾದಲ್ಲಿ ಲಾರಿಗಿರುವ ಹಾಗೆ ಕೆಳಗೆ ಲ್ಯಾಡರ್ ಫ್ರೇಮ್ ಇದೆ, ಅದರ ಮೇಲೆ ಬಾಡಿ ಕೂತಿದೆ, ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹೈಕ್ರಾಸ್‌ನಲ್ಲಿ ಪ್ರತ್ಯೇಕ ಫ್ರೇಮ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ, ಮುಂದಿನ ಚಕ್ರಗಳು ಗಾಡಿಯನ್ನು ಎಳೆಯುತ್ತವೆ. ಅದಕ್ಕೇ 2022ರ ಕೊನೆಯಲ್ಲಿ ಹೈಕ್ರಾಸ್ ಬಂದ ಮೇಲೂ ಟೊಯೋಟಾ ಕ್ರಿಸ್ಟಾವನ್ನು ಪೂರ್ತಿ ಕೈಬಿಡಲಿಲ್ಲ, 2023ರಲ್ಲಿ ಡೀಸೆಲ್ ಮ್ಯಾನುವಲ್ ಒಂದನ್ನೇ ಇಟ್ಟುಕೊಂಡು ಮತ್ತೆ ಮಾರಾಟಕ್ಕೆ ಬಿಟ್ಟಿತು. ಟ್ಯಾಕ್ಸಿಯವರಿಗೆ, ಕೆಟ್ಟ ರಸ್ತೆಯ ಊರಿನವರಿಗೆ ಅದೇ ಬೇಕಿತ್ತು.

ಬೆಂಗಳೂರಿನ ಟ್ರಾಫಿಕ್ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಬಂಪರಿಗೆ ಬಂಪರ್ ತಾಗಿಸಿಕೊಂಡು ತೆವಳುವಾಗ ಹೈಕ್ರಾಸ್‌ನ ಎಂಜಿನ್ ಹೆಚ್ಚು ಹೊತ್ತು ಆಫ್ ಆಗಿಯೇ ಇರುತ್ತದೆ. ಗಾಡಿ ಬ್ಯಾಟರಿ ಮೇಲೆ ಸದ್ದಿಲ್ಲದೆ ಮುಂದೆ ಹೋಗುತ್ತದೆ, ಎಸಿ ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದಾಗ ಮೋಟಾರ್ ಉಲ್ಟಾ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತದೆ, ಪ್ಲಗ್ ಹಾಕೋ ತಲೆನೋವಿಲ್ಲ. ಕ್ರಿಸ್ಟಾದಲ್ಲಿ ಇದೇ ದಾರಿ ಅಂದರೆ ಎಡಗಾಲಿಗೆ ಆ ಭಾರದ ಕ್ಲಚ್, ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಆ ಹೈಡ್ರಾಲಿಕ್ ಸ್ಟೀರಿಂಗ್. ನಿಮಗೆ ಇದನ್ನು ಬಿಡಿಸಿ ಹೇಳೋದೇ ಬೇಡ, ಅಲ್ವಾ. ಹೈಕ್ರಾಸ್‌ನ ಸ್ಟೀರಿಂಗ್ ಒಂದೇ ಬೆರಳಲ್ಲಿ ತಿರುಗುತ್ತದೆ.

ಅಪ್ಪ ಅಮ್ಮನ ವಿಷಯ ನನಗೆ ಮೈಲೇಜಿಗಿಂತ ದೊಡ್ಡದು. ಫ್ರೇಮ್ ಇಲ್ಲದ್ದರಿಂದ ಹೈಕ್ರಾಸ್‌ನ ನೆಲ ತಗ್ಗಿನಲ್ಲಿದೆ, ಮಂಡಿ ನೋವಿರುವ ನನ್ನ ಅಮ್ಮ ಈಗ ಮೇಲಿನ ಹಿಡಿಕೆಗೆ ಜೋತು ಬೀಳದೆ ಸೀದಾ ಸೀಟಿನಲ್ಲಿ ಕೂರುತ್ತಾರೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 2,750ರಿಂದ 2,850 ಮಿ.ಮೀ.ಗೆ ಏರಿದೆ, ಅದು ನಡುವಿನ ಮತ್ತು ಕೊನೆಯ ಸಾಲಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇಬ್ಬರೇ ಇದ್ದಾಗ ಕ್ರಿಸ್ಟಾದ ಹಿಂಬದಿ ಹಂಪ್ ಮೇಲೆ ಎತ್ತಿ ಹಾಕುತ್ತದಲ್ಲ, ಅದೂ ಇಲ್ಲಿ ಕಡಿಮೆ. ಇನ್ನೊಂದು ಸಣ್ಣ ವಿಷಯ: ಕ್ರಿಸ್ಟಾದಲ್ಲಿ ಕೊನೆಯ ಸೀಟನ್ನು ಮಡಚಿ ಎರಡೂ ಪಕ್ಕಕ್ಕೆ ಬೆಲ್ಟ್ ಹಾಕಿ ನೇತುಹಾಕಬೇಕು, ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಹೈಕ್ರಾಸ್‌ನಲ್ಲಿ ಅದು ನೆಲಕ್ಕೆ ಸಮನಾಗಿ ಮಲಗುತ್ತದೆ. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಹಲಸಿನ ಹಣ್ಣು ತುಂಬಿಕೊಂಡು ಬರುವವರಿಗೆ ಇದು ಸಣ್ಣ ವಿಷಯ ಅಲ್ಲ ಬಿಡಿ.

ಈಗ ಘಾಟಿ. ಶಿರಾಡಿ ಹತ್ತುವಾಗ ನಿಮಗೆ ಕ್ರಿಸ್ಟಾ ನೆನಪಾಗೇ ಆಗುತ್ತದೆ. ಆ ಡೀಸೆಲ್ ಎಂಜಿನ್ 1,400 ಆರ್‌ಪಿಎಂನಲ್ಲೇ 343 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಎಳೆಯುವ ಬಲ ಪೂರ್ತಿ ಸಿಗುತ್ತದೆ, ಏಳು ಜನ ಮತ್ತು ಲಗೇಜ್ ಇದ್ದರೂ ಮೂರನೇ ಗೇರಿನಲ್ಲಿ ಗುರ್ ಅಂತ ಎಳೆದುಕೊಂಡು ಹೋಗುತ್ತದೆ. ಹೈಕ್ರಾಸ್‌ಗೆ ಶಕ್ತಿ ಕಡಿಮೆಯೇನಲ್ಲ, ಎಂಜಿನ್ ಮೋಟಾರ್ ಸೇರಿ 186 ಪಿಎಸ್ ಇದೆ, ಕ್ರಿಸ್ಟಾದ 150ಕ್ಕಿಂತ ಜಾಸ್ತಿ, ಓವರ್‌ಟೇಕ್ ಸಲೀಸು. ಆದರೆ ಅದರಲ್ಲಿ ಗೇರ್ ಬದಲಾಗುವ ಪದ್ಧತಿಯೇ ಇಲ್ಲ, ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಎಂಜಿನ್ ಒಂದೇ ಸಮನೆ ಕೂಗುತ್ತಲೇ ಇರುತ್ತದೆ. ಇಳಿಯುವಾಗ ಇನ್ನೊಂದು ವಿಚಿತ್ರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯೊಳಗೇ ಬ್ಯಾಟರಿ ತುಂಬಿಹೋಗುತ್ತದೆ, ಆಮೇಲೆ ಗಾಡಿ ವೇಗ ತಡೆಯುವುದಕ್ಕೆ ಎಂಜಿನ್ನನ್ನೇ ಸುಮ್ನೆ ತಿರುಗಿಸುತ್ತದೆ, ಇಳಿಜಾರಿನಲ್ಲೂ ಎಂಜಿನ್ ಕೂಗು ಕೇಳುತ್ತದೆ. ಮೊದಲ ಸಲ ಗಾಬರಿಯಾಗಬೇಡಿ, ಕೆಟ್ಟಿಲ್ಲ, ಅದರ ಕೆಲಸವೇ ಹಾಗೆ.

ಮಳೆಗಾಲದಲ್ಲಿ ತೋಟದ ಕೆಸರಿನ ಏರಿಗೆ ನಾನು ಹೈಕ್ರಾಸ್ ಇಳಿಸುವುದಿಲ್ಲ. ಜನ, ಸಾಮಾನು ತುಂಬಿದಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಏರಿನಲ್ಲಿ ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆಯಾಗುತ್ತದೆ. ಅಲ್ಲಿ ಅಣ್ಣನ ಕ್ರಿಸ್ಟಾನೇ ಬೇಕು. ಪುತ್ತೂರಿನ ನಿಮ್ಮ ಮನೆಯವರೆಗೆ ಟಾರೋ ಕಾಂಕ್ರೀಟೋ ಇದ್ದರೆ ನಿಮಗೆ ಈ ತಾಪತ್ರಯ ಇಲ್ಲ.

ದುಡ್ಡಿನ ಲೆಕ್ಕ ನೋಡಿ. ಹೈಬ್ರಿಡ್‌ಗೆ ಕಂಪನಿ ಹೇಳುವುದು ಲೀಟರಿಗೆ 23.24 ಕಿ.ಮೀ. ಊರೊಳಗೆ ನನಗೆ ಸಿಗುವುದು 16ರ ಆಸುಪಾಸು, ಅಣ್ಣನ ಕ್ರಿಸ್ಟಾ ಬೆಂಗಳೂರಿಗೆ ಬಂದಾಗ 11. ಪೆಟ್ರೋಲ್ 102 ರೂಪಾಯಿ, ಡೀಸೆಲ್ 90 ಅಂತ ಹಿಡಿದರೆ ಕಿಲೋಮೀಟರಿಗೆ ಸುಮಾರು 1 ರೂಪಾಯಿ 80 ಪೈಸೆ ಉಳಿಯುತ್ತದೆ, ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ 22 ಸಾವಿರದ ಹತ್ತಿರ. ಹಳೆಯದನ್ನು ಕೊಟ್ಟು ಮೇಲೆ ಹಾಕುವ ಲಕ್ಷಾಂತರ ರೂಪಾಯಿ ಇದರಿಂದ ವಾಪಸ್ ಬರುವುದಿಲ್ಲ. ಕಾಲಿಗೆ ಆರಾಮ, ಹೆತ್ತವರಿಗೆ ಅನುಕೂಲ, ಸುರಕ್ಷತೆ, ಇವುಗಳಿಗೆ ದುಡ್ಡು ಕೊಡುತ್ತಿದ್ದೇನೆ ಅಂದುಕೊಂಡರೆ ಮಾತ್ರ ಮುಂದುವರಿಯಿರಿ. ಸುರಕ್ಷತೆಗೆ ಭಾರತ್ ಎನ್‌ಕ್ಯಾಪ್ ಅನ್ನೋ, ಗಾಡಿಯನ್ನು ಢಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ 2025ರಲ್ಲಿ ಹೈಕ್ರಾಸ್‌ಗೆ 5 ಸ್ಟಾರ್ ಬಂದಿದೆ. ಬ್ಯಾಟರಿ ಬಗ್ಗೆ ಭಯ ಬೇಡ, 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಅಪ್ಪ ಅಮ್ಮನನ್ನು ಹತ್ತಿಸಿ, ನಡುವಿನ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಕೂರಿಸಿ ನೋಡಿ, ಗಾಡಿ ತುಂಬ ಜನ ಇರುವಾಗಲೇ ಒಂದು ಏರು ಹತ್ತಿಸಿ. ಶೋರೂಮಿನಲ್ಲಿ ಹೈಕ್ರಾಸ್‌ನದೇ ಬರೀ ಪೆಟ್ರೋಲ್ ಮಾಡೆಲ್ ಕೊಟ್ಟು ಎರಡೂ ಒಂದೇ ಅಂದರೆ ಒಪ್ಪಬೇಡಿ, ಹೈಬ್ರಿಡ್ಡೇ ಬೇಕು ಅಂತ ಕೇಳಿ. ಅದರ ಎಂಜಿನ್ನೂ ಬೇರೆ, ಓಡುವ ರೀತಿಯೂ ಬೇರೆ.